ಬಾವಲಿಯ ಮರ, ಪಾಚಿಯ ಗೋಡೆ

ಗಾಂಧಿ ಬಜಾರಿನಿಂದ ಸೊಪ್ಪು ಕೊಂಡು ಬರುತ್ತಿದ್ದೆ. ಬಾದಾಮಿ ಮರದ ಕೆಳಗೆ ಬಾವಲಿ ಕಚ್ಚಿ ಎಸೆದ ಹಣ್ಣುಗಳು ಕಾಲಿಗೆ ಸಿಕ್ಕವು. ಆ ಹುಳಿ ವಾಸನೆ ಮೂಗಿಗೆ ಬಡಿದದ್ದೇ ತಡ, ಅಕ್ಕನ ಹಿತ್ತಿಲು ನೆನಪಾಯಿತು. ನೋಡಿ, ನನಗೆ ನೆನಪುಗಳು ಬರುವುದೂ ಇಂಥ ಗಲೀಜು ಜಾಗದಲ್ಲೇ!

ಚಾಮರಾಜಪೇಟೆಯ ಆ ಹಿತ್ತಿಲಲ್ಲೂ ಒಂದು ಬಾದಾಮಿ ಮರವಿತ್ತು. ಮರದಲ್ಲಿ ಗಿಡ್ಡ ಮೂಗಿನ ಹಣ್ಣುಬಾವಲಿಗಳು. ಅದರ ನೆರಳಿಗೆ ನೀರಿನ ತೊಟ್ಟಿ, ತೊಟ್ಟಿಯ ಗೋಡೆಗೆ ಫ್ಯುನೇರಿಯಾ ಎಂಬ ಪಾಚಿ. ಹೆಸರು ಹೇಳಿಕೊಟ್ಟವಳು ಅಕ್ಕನ ಮಗಳು ನಂದಿನಿ. ಪಿಯುಸಿಯಲ್ಲಿ ನಾನೂ ಓದಿದ್ದೆ, ಪರೀಕ್ಷೆ ಮುಗಿದ ಸಂಜೆಯೇ ಮರೆತಿರಬೇಕು. ದಸರೆಗೆ ಗೊಂಬೆ ಕೂರಿಸುವಾಗ ಮಣ್ಣಿನ ಬೆಟ್ಟಕ್ಕೆ ಹಸಿರು ಹೊದಿಸುವುದು ಅವಳ ಕೆಲಸ. ಚಾಕುವಿನಿಂದ ಪಾಚಿಯನ್ನು ದೋಸೆಯಂತೆ ಮೆಲ್ಲಗೆ ಎಬ್ಬಿಸುತ್ತಿದ್ದಳು, ಅದೂ ಅರ್ಧ ಮಾತ್ರ.

"ಮಿಕ್ಕಿದ್ದು ಮುಂದಿನ್ ವರ್ಷಕ್ಕೆ, ಚಿಕ್ಕಮ್ಮ."

ಒಮ್ಮೆ ಪಾಚಿಯ ಬಾಗಿದ ಕಡ್ಡಿಗಳನ್ನು ತೋರಿಸಿದಳು. "ಇದೂ ಬಾವಲಿ ಥರಾನೇ ತಲೆ ಕೆಳಗೆ ಹಾಕ್ಕೊಂಡಿದೆ ನೋಡು. ಅದಕ್ಕೆ ರೆಕ್ಕೆ ಇದೆ, ಇದಕ್ಕೆ ಸರಿಯಾಗಿ ಬೇರೂ ಇಲ್ಲ. ಇಬ್ರಿಗೂ ಈ ಮರಾನೇ ಬೇಕು."

"ನಿಮ್ಮಮ್ಮನಿಗೆ ಮಾತ್ರ ಪಾಚಿ ಚಂದ, ಬಾವಲಿ ಅಪಶಕುನ" ಎಂದೆ. ಇಬ್ಬರೂ ನಕ್ಕೆವು.

ಕಳೆದ ಚಳಿಗಾಲ ಜ್ವರ ಬಂದು ನಂದಿನಿ ಹೋಗಿಬಿಟ್ಟಳು. ಮಾತಾಡಿಸಲು ಬಂದ ಯಾರೋ, "ಹಿತ್ಲಲ್ಲಿ ಬಾವಲಿ ಇಟ್ಕೊಂಡ್ರೆ ಇನ್ನೇನಾಗತ್ತೆ" ಅಂದುಬಿಟ್ಟರು. ಅಬ್ಬಾ, ಎಂಥ ಬಾಯಿ! "ಜ್ವರಕ್ಕೂ ಬಾವಲಿಗೂ ಸಂಬಂಧ ಇಲ್ಲ ಅಂತ ಡಾಕ್ಟ್ರೇ ಹೇಳಿದ್ರಲ್ಲಕ್ಕಾ" ಎಂದು ಅಂಗಲಾಚಿದೆ. ಅಕ್ಕ ಕೇಳಲಿಲ್ಲ, ಮರ ಕಡಿಸಿದಳು. ಬಾವಲಿಗಳು ಕೆಲವು ಸಂಜೆ ಖಾಲಿ ಜಾಗದ ಮೇಲೆ ಸುತ್ತಾಡಿ ಬೇರೆ ಮರ ನೋಡಿಕೊಂಡವು. ಪಾಚಿ ಎಲ್ಲಿಗೆ ಹೋಗಬೇಕು? ಬೇಸಿಗೆಯ ಬಿಸಿಲು ನೇರ ಗೋಡೆಗೆ ಬಿದ್ದು, ನಂದಿನಿ ಉಳಿಸಿದ್ದ ಅರ್ಧವೂ ಕಂದಿ ಪುಡಿಯಾಗಿ ಉದುರಿತು.

ಮನೆಗೆ ಹೋಗಲು ಮನಸ್ಸಾಗದೆ ಆಟೋ ಹಿಡಿದು ಅಕ್ಕನಲ್ಲಿಗೆ ಹೋದೆ. ಹಿತ್ತಿಲಲ್ಲಿ ಅವಳು ಬರೀ ಗೋಡೆಗೆ ಚೆಂಬಿನಿಂದ ನೀರು ಹಾಕುತ್ತಿದ್ದಳು.

"ಮಳೆಗಾಲ ಮುಗೀತಾ ಬಂತು. ಒಂದ್ ಚೂರೂ ಚಿಗುರ್ಲಿಲ್ಲ ಕಣೇ."

ಸೊಪ್ಪಿನ ಚೀಲವನ್ನು ಕೆಳಗಿಟ್ಟೆ.

"ಬಾವಲಿ ಓಡಿಸಕ್ಕೆ ಹೋಗಿ, ಅವಳು ಬಿಟ್ಟೋಗಿದ್ದನ್ನ ನಾನೇ ಒಣಗಿಸ್ಬಿಟ್ಟೆ. ಅಲ್ವೇನೇ?"

ಅವಳ ಕೈಯಿಂದ ಚೆಂಬು ತೆಗೆದುಕೊಂಡು ನಾನೂ ನೀರು ಹಾಕಿದೆ. ಗೋಡೆ ಒದ್ದೆಯಾಯಿತು, ಅಷ್ಟೇ.