ಹನ್ನೊಂದು ದೇಶಗಳ ಮೈಕು ಕೆಡಿಸಿದ್ದು ನಾನೇ

೧೯೮೯ರಲ್ಲಿ ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟ ನಾನು, ಮೂರು ವರ್ಷದ ಹಿಂದೆ ಹೆಬ್ಬಾಳದ ದೊಡ್ಡ ಹೋಟೆಲೊಂದರಲ್ಲಿ ಹನ್ನೊಂದು ದೇಶಗಳ ಬಾಯಿ ಮುಚ್ಚಿಸಿದೆ. ಮೈಕು ಕೆಟ್ಟಿರಲಿಲ್ಲ — ವೈರು ಕಿತ್ತಿದ್ದು ನಾನು. ಕಿತ್ತಿದ್ದಷ್ಟೇ ಆಗಿದ್ದರೆ ಇದನ್ನು ಬರೆಯುವ ಅಗತ್ಯ ಇರಲಿಲ್ಲ. ಆಮೇಲೆ ಒಂದು ಮಾತು ಆಡಿದೆ. ಅದರಿಂದ ಶಿವಣ್ಣನ ಕೆಲಸ ಹೋಯಿತು.

ಕೊಡಿಗೇಹಳ್ಳಿಯಲ್ಲಿ ನನ್ನದು ಮೈಕ್‌ಸೆಟ್ ಅಂಗಡಿ. ಸೈಕಲ್ಲಿನ ಹಿಂದೆ ಹಾರ್ನು ಕಟ್ಟಿಕೊಂಡು ಶುರು ಮಾಡಿದವನು, ಯಾರ ಮುಂದೆಯೂ ಕೈ ಚಾಚಿದವನಲ್ಲ. ಗಣೇಶನ ಪೆಂಡಾಲು, ರಾಜ್ಯೋತ್ಸವ, ಬಡಾವಣೆ ಸಂಘದ ಸಭೆ — ಸುತ್ತಮುತ್ತ ಎಲ್ಲಕ್ಕೂ ನಾನೇ. ಈ ಕಸುಬಿನಲ್ಲಿ ಯಾರೂ ಹೇಳಿಕೊಡದ ಒಂದು ಪಾಠ ಇದೆ. ಮೈಕು ಕೈಗೆ ಸಿಕ್ಕಿದ್ದೇ ಯಾರಾದರೂ ಬೈಗುಳಕ್ಕಿಳಿದರೆ, ಮೈಕಿನವನು ಸದ್ದಿಲ್ಲದೆ ಮೇಜಿನ ಕೆಳಗೆ ವೈರು ಕೀಳಬೇಕು. 'ಲೈನ್ ಹೋಯ್ತು, ಒಂದ್ ನಿಮಿಷ' ಅನ್ನಬೇಕು. ಅಷ್ಟರಲ್ಲಿ ಕಾಫಿ ಬರುತ್ತದೆ. ಮೈಕಿಲ್ಲದೆ ಬೈಯುವ ಹುಮ್ಮಸ್ಸು ಯಾರಿಗೂ ಇರುವುದಿಲ್ಲ. ಕಾರು ನಿಲ್ಲಿಸುವ ಜಾಗಕ್ಕಾಗಿ ಕತ್ತಿನಪಟ್ಟಿ ಹಿಡಿಯಲು ಹೊರಟ ಎಷ್ಟೋ ಸಭೆಗಳನ್ನು ಹೀಗೆ ಉಳಿಸಿದ್ದೇನೆ. ಅದರ ಬಗ್ಗೆ ನನಗೆ — ಈಗಲೂ ಹೇಳುತ್ತೇನೆ — ಹೆಮ್ಮೆ ಇದೆ.

ಶಿವಣ್ಣ ಅಟ್ಟೂರಿನವನು, ಆ ಹೋಟೆಲಿನ ಎಲೆಕ್ಟ್ರಿಷಿಯನ್, ನನ್ನ ಗೆಳೆಯ. ಭಯೋತ್ಪಾದನೆ ತಡೆಯಲು ದೇಶದೇಶಗಳು ಕೂಡಿ ಏನು ಮಾಡಬಹುದು ಎಂಬ ಸಭೆ ಅಲ್ಲಿ ನಡೆಯುವುದಿತ್ತು. ದೊಡ್ಡ ಹಾಲಿಗೆ ದೊಡ್ಡ ಕಂಪನಿಯವರು ಬಂದಿದ್ದರು. ಚಿಕ್ಕ ಹಾಲಿನ ಮೈಕಿಗೆ ಜನ ಸಾಲದೆ ಮ್ಯಾನೇಜರು ಪರದಾಡುವಾಗ ಶಿವಣ್ಣ ನನ್ನ ಹೆಸರು ಹೇಳಿದ. "ನಮ್ಮೋನು ಸಾರ್, ನಾನ್ ಗ್ಯಾರಂಟಿ" ಅಂದನಂತೆ. ನನಗೆ ಹೇಳಿದ್ದೇ ಬೇರೆ.

"ಮಗಾ, ಇದು ಗಣೇಶನ್ ಪೆಂಡಾಲ್ ಅಲ್ಲ. ಹಲೋ ಹಲೋ ಮೈಕ್ ಟೆಸ್ಟಿಂಗ್ ಅಂತ ಅರಚ್ಬೇಡ. ಶರ್ಟ್ ಇನ್ ಮಾಡ್ಕೊಂಡ್ ಬಾ."

ಇನ್ ಮಾಡಿಕೊಂಡೇ ಹೋದೆ.

ಚಿಕ್ಕ ಹಾಲಿನ ಮಾತೆಲ್ಲ ಹುಡುಗರ ಬಗ್ಗೆ. ಫೋನು ನೋಡುತ್ತ ನೋಡುತ್ತ ದ್ವೇಷವನ್ನು ತಲೆಗೇರಿಸಿಕೊಳ್ಳುತ್ತಾರಲ್ಲ, ಅಂಥ ಹುಡುಗರು ಬಾಂಬು ಮುಟ್ಟುವ ಮೊದಲೇ ಒಂದು ದೇಶ ಇನ್ನೊಂದಕ್ಕೆ ಸುದ್ದಿ ಮುಟ್ಟಿಸುವುದು ಹೇಗೆ ಅಂತ. ಇದನ್ನು ನನಗೆ ಬಿಡಿಸಿ ಹೇಳಿದವನು ಕಾಫಿ ಕೊಡುವವನು. ನನ್ನ ಇಂಗ್ಲಿಷು ಎಂಟನೇ ಕ್ಲಾಸಿಗೇ ನಿಂತಿದೆ. ಆದರೆ ಜಗಳಕ್ಕೆ ಯಾವ ಭಾಷೆ? ಎರಡನೇ ದಿನ ಒಬ್ಬರು ಎತ್ತರದವರು, ಒಬ್ಬರು ದಪ್ಪ ಕನ್ನಡಕದವರು ಹತ್ತಿಕೊಂಡರು. ನಿಮ್ಮ ಬಳಿ ಇರುವ ಅಂಥ ಹುಡುಗರ ಹೆಸರುಗಳನ್ನು ಮೊದಲು ಕೊಡಿ — ಇಲ್ಲ, ನೀವು ಮೊದಲು ಕೊಡಿ — ಇಷ್ಟೇ ತಿರುಳು. ಎತ್ತರದವರು "ವಿತ್ ಆಲ್ ರೆಸ್ಪೆಕ್ಟ್" ಅಂದಾಗಲೇ ನನಗೆ ಗೊತ್ತಾಯಿತು. ನಮ್ಮಲ್ಲಿ 'ದೊಡ್ಡೋರು ಅಂತ ಸುಮ್ನಿದೀನಿ' ಅನ್ನುತ್ತಾರಲ್ಲ, ಅದೇ. ಕನ್ನಡಕದವರು ಮೇಜು ಗುದ್ದಿದರು. ನನ್ನ ಕೈ ತಾನಾಗಿಯೇ ಮೇಜಿನ ಕೆಳಗೆ ಹೋಯಿತು.

ಕಾಫಿ ಬರಲಿಲ್ಲ. ನಾಯಿ ಬಂತು.

ಬಾಗಿಲುಗಳು ಮುಚ್ಚಿದವು. ಕಿವಿಗೆ ವೈರು ಸಿಕ್ಕಿಸಿಕೊಂಡವರು ನಾಲ್ಕು ಕಡೆಯಿಂದ ನುಗ್ಗಿದರು. ನಾನು ಗಾಬರಿಯಲ್ಲಿ ವೈರನ್ನು ಮತ್ತೆ ಸಿಕ್ಕಿಸಿಬಿಟ್ಟೆ. ನಾಯಿ ನನ್ನ ಬ್ಯಾಗು ಮೂಸಿ, ಚಿತ್ರಾನ್ನದ ಡಬ್ಬಿಯ ಮುಂದೆ ಕೂತುಬಿಟ್ಟಿತು. ನಾಯಿ ಕೂತರೆ ಅನುಮಾನ ಅಂತ ಅರ್ಥವಂತೆ. ಡಬ್ಬಿ ತೆಗೆಸಿದರು. ಕಡಲೆಬೀಜ ಕಂಡಿತು. ಆಮೇಲೆ ಒಬ್ಬ ಅಧಿಕಾರಿ ಕನ್ನಡದಲ್ಲೇ ಕೇಳಿದರು: "ಮೈಕ್ ಯಾಕ್ರೀ ಹೋಯ್ತು?"

"ಲೈನಲ್ಲಿ ಪವರ್ ಬರ್ಲಿಲ್ಲ ಸಾರ್."

ಮೂವತ್ತು ವರ್ಷದಿಂದ ಹೇಳಿಕೊಂಡು ಬಂದ ಮಾತು, ಬಾಯಿಗೆ ತಾನೇ ಬಂತು. ಲೈನು ಶಿವಣ್ಣನದು ಅಂತ ಆಗ ಹೊಳೆಯಲಿಲ್ಲ — ಇಲ್ಲ, ಹೊಳೆಯಿತು. ಹೊಳೆದ ಮೇಲೂ ಸುಮ್ಮನಿದ್ದೆ.

ಶಿವಣ್ಣನನ್ನು ಸಂಜೆಯವರೆಗೆ ಒಂದು ಕೋಣೆಯಲ್ಲಿ ಕೂರಿಸಿದರು. ಅವನ ಫೋನನ್ನು ಎರಡು ದೇಶಗಳ ಅಧಿಕಾರಿಗಳು ತಲೆಗೆ ತಲೆ ತಾಗಿಸಿಕೊಂಡು ನೋಡಿದರಂತೆ. ಅದರಲ್ಲಿದ್ದದ್ದು ಗುಲಾಬಿ ಹೂವು, ಸೂರ್ಯೋದಯ.

"ದಿನಾ ಬೆಳಿಗ್ಗೆ ಇಷ್ಟು ಜನಕ್ಕೆ ಹೂವು ಯಾಕ್ ಕಳಿಸ್ತೀಯಾ? ಏನಿದರ ಅರ್ಥ?"

"ಗುಡ್ ಮಾರ್ನಿಂಗ್ ಅಂತ ಸಾರ್."

"ಭಾನುವಾರ ಎರಡೆರಡು ಯಾಕಿದೆ?"

"ಭಾನುವಾರ ರಜ ಅಲ್ವಾ ಸಾರ್."

ಇದನ್ನೂ ಇಂಗ್ಲಿಷಿಗೆ ಮಾಡಿಸಿ ಬರೆದುಕೊಂಡರಂತೆ.

ಅತ್ತ ಹಾಲಿನಲ್ಲಿ, ಎರಡು ದಿನದಿಂದ ಒಂದು ಸಾಲಿಗೂ ಒಪ್ಪದಿದ್ದವರು ಒಂದಾಗಿಬಿಟ್ಟಿದ್ದರು. ಮೈಕು ಹೋದದ್ದರ ಹಿಂದೆ ಹೊರಗಿನ ಕೈ ಇದೆ ಎಂದು ಎತ್ತರದವರು ಹೇಳಿದರು, ಕನ್ನಡಕದವರು ಹೌದು ಹೌದು ಎಂದರು. ಹನ್ನೊಂದು ದೇಶ ಕೈ ಎತ್ತಿ ನಿರ್ಣಯ ಮಾಡಿದವು. ಹೊರಗು ಅಂದರೆ ಎಲ್ಲಿ ಅಂತ ಯಾರೂ ಕೇಳಲಿಲ್ಲ. ಶಿವಣ್ಣನ ಮೇಲೆ ಏನೂ ಸಿಕ್ಕಲಿಲ್ಲ, ಬಿಟ್ಟರು. ಹೋಟೆಲಿನವರು ಬಿಡಲಿಲ್ಲ — ಇಂಥ ದಿನ ಲೈನು ಕೈಕೊಡುವ ಹಾಗೆ ಬಿಟ್ಟವನು ಬೇಡ ಎಂದರು. ಈಗ ಅವನು ನಾಗಸಂದ್ರದ ಅಪಾರ್ಟ್‌ಮೆಂಟೊಂದರ ಗೇಟು ಕಾಯುತ್ತಾನೆ.

ಹೋದ ತಿಂಗಳು ನನ್ನ ಅಂಗಡಿ ಹೊಸ ಜಾಗಕ್ಕೆ ಹೋಯಿತು. ವೈರಿಂಗ್ ನೀನೇ ಮಾಡು ಎಂದು ಅವನನ್ನು ಕೇಳಲು ಹೋದೆ. ಹಾಗಾದರೂ ಒಂದಿಷ್ಟು — ಏನೋ ಒಂದು ಸರಿಹೋದೀತು ಅಂತ.

"ಬೇರೆ ಯಾರ್ಗಾದ್ರೂ ಹೇಳು ಗುರು," ಅಂದ. "ನನ್ ಕೈ ಮೇಲೆ ನಂಗೇ ನಂಬ್ಕೆ ಇಲ್ಲ. ಆವತ್ತು ಬೆಳಿಗ್ಗೆನೂ ಆ ಲೈನ್ ನೋಡಿದ್ದೆ ಕಣೋ. ಚೆನ್ನಾಗೇ ಇತ್ತು. ಹೆಂಗ್ ಹೋಯ್ತು ಅಂತ ಇವತ್ತಿಗೂ ತಿಳೀತಿಲ್ಲ."

ಆಗ ಹೇಳಿದೆ. ಗೇಟಿನ ಮುಂದೆ ನಿಂತುಕೊಂಡೇ ಎಲ್ಲವನ್ನೂ ಹೇಳಿದೆ.

"ಅಂದ್ರೆ ಲೈನ್ ಸರಿ ಇತ್ತು?"

"ಇತ್ತು."

"ಪೂರ್ತಿ?"

"ಪೂರ್ತಿ ಕಣೋ."

ಶಿವಣ್ಣ ನಕ್ಕ. ಬಹಳ ಹೊತ್ತು ನಕ್ಕ. ಕಾರೊಂದು ಬಂತು, ಗೇಟು ತೆಗೆದು ಸಲಾಮು ಹೊಡೆದು ಮುಚ್ಚಿದ. ತಿರುಗಿದಾಗ ಮುಖದಲ್ಲಿ ನಗು ಇರಲಿಲ್ಲ.

"ನಂಗ್ ಹೇಳಿ ಏನ್ ಬಂತು? ನನ್ನ ತೆಗೆದೋರ್ಗೆ ಹೇಳ್ಹೋಗು. ಅಲ್ಲೀವರ್ಗೂ ಈ ಗೇಟ್ ಹತ್ರ ಬರ್ಬೇಡ."

ಮರುದಿನವೇ ಹೋಟೆಲಿಗೆ ಹೋದೆ. ಮ್ಯಾನೇಜರು ಬಾಗಿಲು ಮುಚ್ಚಿ, ಕೂರಿಸಿ, ಮೆತ್ತಗೆ ಹೇಳಿದರು: "ಸುಮ್ನಿರ್ರೀ. ಹನ್ನೊಂದು ದೇಶ ಒಪ್ಪಿರೋದು ಅದೊಂದೇ ವಿಷಯ ಕಣ್ರೀ. ಅದನ್ನೂ ಕೆಡಿಸ್ತೀರಾ?"

ಅದಕ್ಕೇ ಈ ಪತ್ರಿಕೆಗೆ ಬರೆಯುತ್ತಿದ್ದೇನೆ. ಶಿವಣ್ಣನ ಲೈನು ಸರಿಯಿತ್ತು. ಹೊರಗಿನ ಕೈ ಯಾವುದೂ ಇರಲಿಲ್ಲ, ಇದ್ದದ್ದು ನನ್ನ ಕೈ. ಇನ್ನೊಂದು ಯೋಚನೆಯೂ ಬಿಡದೆ ಕಾಡುತ್ತದೆ — ಆ ಇಬ್ಬರನ್ನು ಜಗಳವಾಡಲು ಬಿಟ್ಟಿದ್ದರೆ, ಸಿಟ್ಟಿನಲ್ಲಾದರೂ ಒಬ್ಬರು ಒಂದು ಹೆಸರು ಹೇಳುತ್ತಿದ್ದರೇನೋ. ಎಲ್ಲೋ ಯಾವುದೋ ಹುಡುಗನನ್ನು ಯಾರೋ ಹೋಗಿ ಮಾತಾಡಿಸಿ ತಡೆಯುತ್ತಿದ್ದರೇನೋ. ಬಡಾವಣೆ ಸಂಘಕ್ಕೂ ಆ ಸಭೆಗೂ ಇರುವ ವ್ಯತ್ಯಾಸ ನನಗೆ ತಿಳಿಯಲಿಲ್ಲ. ತಿಳಿಯದ್ದನ್ನು ತಿಳಿದಿದೆ ಅಂದುಕೊಂಡೆ.

ಅಚ್ಚಾದ ಮೇಲೆ ಇದನ್ನು ಮ್ಯಾನೇಜರಿಗೆ ಕೊಡುತ್ತೇನೆ. ಅವರು ಬೇಡವೆಂದರೆ ಅವರ ಮೇಲಿನವರಿಗೆ.

ಈಗ ನನ್ನದು ಅಂತ ಇರುವುದು ಇಷ್ಟು: ಅಂಗಡಿ ಒಂದು. ವ್ಯಾನು ಎರಡು. ಆಂಪ್ಲಿಫೈಯರ್ ಆರು. ಮೈಕು ನಲವತ್ತು. ಕೆಲಸದವರು ಮೂವರು. ಗೆಳೆಯರು, ಸದ್ಯಕ್ಕೆ ಯಾರೂ ಇಲ್ಲ.