ಬರುವುದಿಲ್ಲ ಎನ್ನಲು ಬಂದವರು

“ಮೇಡಂ, ನಾಳೆ ಬರೋಕಾಗಲ್ಲ. ಹೇಳಿ ಹೋಗೋಣ ಅಂತ ಬಂದೆ,” ಎಂದು ಆಕೆ ಚಪ್ಪಲಿಯನ್ನೂ ಬಿಡದೆ ಬಾಗಿಲಲ್ಲೇ ನಿಂತರು. ರಾಜಾಜಿನಗರದಲ್ಲಿ ಒಂದು ಕೋಣೆ ಹಿಡಿದು ನಾನು ಆಪ್ತಸಮಾಲೋಚನೆ ಶುರು ಮಾಡಿ ಆಗಿನ್ನೂ ಎರಡು ತಿಂಗಳು. ಬರಲಾಗದಿದ್ದರೆ ಒಂದು ದಿನ ಮೊದಲೇ ತಿಳಿಸಬೇಕೆಂದು ಫಾರಂನಲ್ಲಿ ನಿಯಮ ಹಾಕಿದ್ದವಳು ನಾನೇ. ಹಿಂದಿನ ವಾರವಷ್ಟೇ ಮೊದಲ ಸಲ ಬಂದಿದ್ದ ಆಕೆ, ಆ ನಿಯಮಕ್ಕಾಗಿ ಹೆಗ್ಗನಹಳ್ಳಿಯಿಂದ ಎರಡು ಬಸ್ ಹತ್ತಿ ಬಂದಿದ್ದರು. ನನಗೆ ನಗು ಬಂತು.

“ಇಷ್ಟಕ್ಕೆ ಬರ್ಬೇಕಿತ್ತಾ? ಒಂದು ಫೋನ್ ಮಾಡಿದ್ರೆ ಸಾಕಿತ್ತಲ್ಲಮ್ಮ.”

“ಫೋನು ನಮ್ಮನೆಯವ್ರ ಹತ್ರ ಇರತ್ತೆ ಮೇಡಂ. ನಾನು ಇಲ್ಲಿಗೆ ಬರೋದು ಅವ್ರಿಗೆ ಗೊತ್ತಿಲ್ಲ.”

ನಗು ಅಲ್ಲೇ ನಿಂತಿತು. ಬರಬೇಕಾದ ದಿನದ ಹಿಂದಿನ ಸಂಜೆ ಎಲ್ಲರಿಗೂ ‘ನಾಳೆ ನಿಮ್ಮ ಕೌನ್ಸೆಲಿಂಗ್ ಇದೆ, ಮರೆಯಬೇಡಿ’ ಎಂದು ಮೆಸೇಜ್ ಕಳಿಸುವುದು ನನ್ನ ಇನ್ನೊಂದು ನಿಯಮ. ಆಕೆಗೆ ಹೋಗಬೇಕಿದ್ದ ಮೆಸೇಜ್ ಆಗಲೇ ನನ್ನ ಮೊಬೈಲಿನಲ್ಲಿ ಸಿದ್ಧವಾಗಿ ಕೂತಿತ್ತು. ಆಕೆಯ ಎದುರಲ್ಲೇ ಅಳಿಸಿದೆ.

ಈಗ ನನ್ನ ಫಾರಂನಲ್ಲಿ ಫೋನ್ ನಂಬರಿನ ಕೆಳಗೆ ಒಂದು ಪ್ರಶ್ನೆ ಸೇರಿದೆ: ‘ಈ ಫೋನ್ ಯಾರ ಕೈಯಲ್ಲಿರುತ್ತದೆ?’ ಹೆಸರು, ವಯಸ್ಸು, ವಿಳಾಸವನ್ನೆಲ್ಲ ಸರಸರನೆ ಬರೆದ ಎಷ್ಟೋ ಹೆಂಗಸರು ಅಲ್ಲಿಗೆ ಬಂದಾಗ ಪೆನ್ನು ಎತ್ತಿ ಹಿಡಿದು ನನ್ನ ಮುಖ ನೋಡುತ್ತಾರೆ.