ನನ್ನ ಎಡಕ್ಕೆ ಬಿದ್ದ ಹೂವು

ಎಪ್ಪತ್ತೆರಡನೆಯ ಇಸವಿಯ ಮಾಘ ಮಾಸದಲ್ಲಿ ನನ್ನ ಗಂಡನ ಜೀವ ಒಂದು ಹೂವಿನ ಮೇಲೆ ನಿಂತಿತ್ತು. ಆ ಹೂವಿನ ಅರ್ಥವನ್ನು ನಾನು ತಿರುವುಮುರುವು ಮಾಡಿಕೊಂಡಿದ್ದೆ. ಮಾರುತಿಯನ್ನು ನಂಬಿದ ನಿಮ್ಮೆಲ್ಲರ ಮುಂದೆ ಆ ದಡ್ಡತನವನ್ನು ಹೇಳಿಕೊಂಡರೆ ಮನಸ್ಸು ಹಗುರಾದೀತು ಎಂದು ಬರೆಯಲು ಕೂತಿದ್ದೇನೆ.

ನನ್ನ ಹೆಸರು ಗಂಗವ್ವ. ಮುಂಬಯಿಯ ಬೈಕುಲ್ಲಾದ ಚಾಳಿನ ಎರಡನೆಯ ಮಾಳಿಗೆಯಲ್ಲಿ ನಮ್ಮ ಖೋಲಿ. ಊರಲ್ಲಿ ಮುಲ್ಕಿ ಪರೀಕ್ಷೆ ಪಾಸಾದವಳು, ಬರೆಯುವುದಕ್ಕೆ ಯಾರ ಹಂಗೂ ಬೇಕಿಲ್ಲ. ಹೆದರುವುದಕ್ಕಂತೂ ಬೇಕೇ ಇಲ್ಲ. ಹಾಲು ಉಕ್ಕಿದರೂ ನನ್ನ ಎದೆ ಧಸಕ್ಕೆನ್ನುತ್ತದೆ. ಅಂಥವಳನ್ನು ದೇವರು ನೀರಿನಲ್ಲಿ ಮುಳುಗುವ ಗಂಡನಿಗೆ ಕಟ್ಟಿದ.

ನಮ್ಮ ಮನೆಯವರು ಭೀಮಪ್ಪ, ಕೃಷ್ಣಾ ದಂಡೆಯ ಅಂಬಿಗರು. ಮುಂಬಯಿಗೆ ಬಂದ ಮೇಲೆ ಬಂದರಿನ ಡಾಕಿನಲ್ಲಿ ಮುಳುಗುವ ಕೆಲಸ ಹಿಡಿದರು. ಹಡಗಿನ ಅಡಿಗೆ ಅಂಟಿದ ಚಿಪ್ಪು ಕೆರೆಯುವುದು, ನೀರೊಳಗೆ ತಿರುಗುವ ಅದರ ಪಂಖಕ್ಕೆ ಸುತ್ತಿಕೊಂಡ ಹಗ್ಗ ಕೊಯ್ಯುವುದು, ನೀರಿಗೆ ಬಿದ್ದ ಸಾಮಾನು ಹುಡುಕಿ ತರುವುದು. ಆ ವರ್ಷ ಅವರನ್ನು ಕೆಲಸಕ್ಕೆ ಹಚ್ಚುತ್ತಿದ್ದ ಹಳೆಯ ಮುಕಾದಮ ಎಲ್ಲ ಬಿಟ್ಟು ಊರಿಗೆ ಹೋದ. ಅದೇ ವಾರ ಎರಡು ಕಡೆಯಿಂದ ಕರೆ ಬಂತು.

ಒಂದು, ಫೋರ್ಟಿನಲ್ಲಿ ಆಫೀಸಿದ್ದ ದೊಡ್ಡ ಕಂಪನಿ. ಕಾಯಂ ನೌಕರಿ, ಯೂನಿಫಾರ್ಮು, ಬೆನ್ನಿಗೆ ಕಟ್ಟಿಕೊಂಡು ಇಳಿಯುವ ಪರದೇಶದ ಗಾಳಿ ಸಿಲಿಂಡರು. ಇನ್ನೊಂದು, ಭಾವುಚಾ ಧಕ್ಕಾ ಎಂಬ ಬಂದರುಕಟ್ಟೆಯ ಕಾಸೀಮಸಾಬರದು. ಒಂದು ಹಳೆಯ ಲಾಂಚು, ಗಾಳಿ ಊದುವ ಒಂದು ಮಶೀನು, ಒಂದು ರಬ್ಬರ್ ನಳಿಗೆ, ಇಳಿಯುವವನ ಸೊಂಟಕ್ಕೆ ಕಟ್ಟುವ ಒಂದು ಹಗ್ಗ. ಮಂದಿ ಎಂದರೆ ಅವರು ಮತ್ತು ಅವರ ತಮ್ಮ. ಬಿಜಾಪುರದ ಕಡೆಯವರು, ಕನ್ನಡದವರು, ಅಷ್ಟೇ ಸಮಾಧಾನ.

ಒಂದು ಭಾನುವಾರ ಇವರು ನನ್ನನ್ನು ಧಕ್ಕಾಕ್ಕೆ ಕರೆದುಕೊಂಡು ಹೋದರು. ಕಾಸೀಮಸಾಬರು ಲಾಂಚಿನ ಮೇಲೆ ಕೂತು, ಅಕ್ಕಿಯಲ್ಲಿ ಹರಳು ಆರಿಸುವವರ ಹಾಗೆ ಆ ನಳಿಗೆಯನ್ನು ಬೆರಳಿನಿಂದ ಗೇಣು ಗೇಣಿಗೂ ಮುಟ್ಟಿ ನೋಡುತ್ತಿದ್ದರು. ಆಗಲೇ ಒಬ್ಬ ಹಡಗಿನವನು ಬಂದು ಕೆಲಸ ಇದೆ ಎಂದ. ಸಾಬರು ನೀರಿನ ಕಡೆ ನೋಡಿ, "ಇವತ್ತ ನೀರು ರಾಡಿ ಐತಿ, ಇಳಿಸೂದಿಲ್ಲ" ಎಂದು ಮತ್ತೆ ನಳಿಗೆ ಹಿಡಿದರು. ಇವರ ಮುಖ ಅರಳಿತು. ನನಗೆ ಮಾತ್ರ ಸುಲಿದು ಹೋದ ಬಣ್ಣವೊಂದೇ ಕಂಡಿತು.

"ಈ ಮುರುಕು ಲಾಂಚ ನಂಬಿ ಇಳೀತೀರೇನು?" ಎಂದೆ.

"ಲಾಂಚ ಯಾಕ ನಂಬಲಿ? ಹಗ್ಗ ಹಿಡಿಯೋ ಮನಷ್ಯಾನ್ನ ನಂಬತೀನಿ" ಎಂದರು.

ಚಾಳಿನಲ್ಲಿ ಕೇಳಿದವರೆಲ್ಲ ದೊಡ್ಡ ಕಂಪನಿ ಎಂದೇ ಹೇಳಿದರು. ನನ್ನ ಮನಸ್ಸೂ ಅದೇ. ಮೂರು ದಿನ ಅದೇ ಚಿಂತೆ. ಕಡೆಗೆ, ಮಾರುತಿಗೆ ಹೂವು ಕೇಳೋಣ, ಅವನು ಹೇಳಿದಂತೆ ಆಗಲಿ ಎಂದೆ. ಇವರೂ ಒಪ್ಪಿದರು.

ನಮ್ಮ ಚಾಳಿನ ಮೆಟ್ಟಿಲ ಕೆಳಗೆ ಸಿಂಧೂರ ಬಳಿದ ಪುಟ್ಟ ಮಾರುತಿ ಇದ್ದಾನೆ. ನೀರಲ್ಲಿ ಅದ್ದಿದ ಹೂವನ್ನು ಅವನ ಎರಡೂ ಭುಜಕ್ಕೆ ಅಂಟಿಸಿ, ಮನಸ್ಸಿನ ಮಾತು ಹೇಳಿ ಕಾಯುವುದು. ಬಲಗಡೆಯದು ಬಿದ್ದರೆ ಆಗಲಿ ಎಂದು, ಎಡಗಡೆಯದಾದರೆ ಬೇಡ ಎಂದು. ಯಾವಾಗಲೂ ಪೂಜಾರಿಯವರೇ ಕೇಳಿ ಹೇಳುತ್ತಿದ್ದರು. ಆ ಶನಿವಾರ ಅವರು ಮಗಳ ಮದುವೆಗೆ ಊರಿಗೆ ಹೋಗಿದ್ದರು. ನನಗೆ ತಡೆಯಲು ಆಗಲಿಲ್ಲ. ನಾನೇ ಸ್ನಾನ ಮಾಡಿ ಹೂವು ಅಂಟಿಸಿ, "ದೊಡ್ಡ ಕಂಪನಿಗೆ ಹೋಗಲಿ ಅಂದ್ರ ಬಲಕ್ಕ ಕೊಡಪ್ಪಾ" ಎಂದು ಸೆರಗೊಡ್ಡಿ ನಿಂತೆ. ಹೂವು ನನ್ನ ಎಡಗೈಯ ಕಡೆಗೆ ಬಿತ್ತು. ದೇವರು ಬೇಡ ಎಂದನಲ್ಲ ಎಂದು ಅಳುತ್ತಲೇ ಮೆಟ್ಟಿಲು ಹತ್ತಿದೆ. ಸೋಮವಾರದಿಂದ ಇವರು ಕಾಸೀಮಸಾಬರ ಲಾಂಚಿಗೆ ಹೋಗತೊಡಗಿದರು.

ಮುಂದಿನ ಮಂಗಳವಾರ ನಮ್ಮತ್ತೆ ಬಂದರು. ಗೋರೆಗಾಂವದಲ್ಲಿ ಹಿರಿಯ ಮಗನ ಮನೆಯಲ್ಲಿ ಇರುವವರು. ಲೋಕಲ್ ಇಳಿದು ಬಂದು ಚಹಾದ ಲೋಟ ಹಿಡಿದವರಿಗೆ, ದೇವರೇ ಹೇಳಿದ್ದು ಎಂದು ಎಲ್ಲ ಕಥೆ ಹೇಳಿದೆ.

"ಹೂವು ಎಲ್ಲಿ ಬಿತ್ತು?"

"ಎಡಕ್ಕರಿ ಅತ್ತಿ."

"ಯಾರ ಎಡಕ್ಕ?"

ನಾನು ನನ್ನ ಎಡಗೈ ತೋರಿಸಿದೆ. ಅತ್ತೆ ಲೋಟ ಕೆಳಗಿಟ್ಟರು. "ಹುಚ್ಚಿ, ಅವ ನಿನ್ನ ಕಡೆ ಮಾರಿ ಮಾಡಿ ನಿಂತಾನ. ನಿನ್ನ ಎಡ ಅಂದ್ರ ಅವನ ಬಲ. ಹೂವು ದೇವರ ಬಲಕ್ಕ ನೋಡಬೇಕು, ನಿನ್ನ ಬಲಕ್ಕಲ್ಲ. ಅವ ದೊಡ್ಡ ಕಂಪನಿಗೆ ಹೋಗಲಿ ಅಂದಾನ, ನೀ ಬ್ಯಾಡ ಅಂದಿ. ದೇವರ ಮಾತ ಮೀರಿ ನನ್ನ ಮಗನ್ನ ನೀರಿಗೆ ಕಳಿಸಿದೆಲ್ಲ."

ಇಷ್ಟು ವರ್ಷ ಕೈಮುಗಿದ ದೇವರ ಬಲ ಯಾವುದು ಎಂದು ಕೂಡ ತಿಳಿಯದ ನಾನೆಂಥ ಭಕ್ತೆ? ಇವರು ಆ ಹೊತ್ತಿಗೆ ನೀರಿನೊಳಗೆ ಇರುತ್ತಾರೆ ಎಂಬುದು ನೆನಪಾಗಿ, ಚಪ್ಪಲಿ ಕೂಡ ಮೆಟ್ಟದೆ ಓಡಿದೆ. ಬಸ್ಸು ಸಿಕ್ಕಿತು, ಆದರೆ ಹತ್ತಿಮೂಟೆ ಹೇರಿದ ಕೈಗಾಡಿಗಳ ಹಿಂದೆ ಸಿಕ್ಕಿಬಿದ್ದು ಇಂಚು ಇಂಚು ಸರಿಯಿತು. ಕಂಡಕ್ಟರ್ "ಬಾಯೀ, ಸ್ಟಾಪ್ ಇನ್ನೂ ದೂರ" ಎನ್ನುತ್ತಿರುವಾಗಲೇ ಇಳಿದು, ಬಿಸಿಲಲ್ಲಿ ಧಕ್ಕಾದವರೆಗೆ ಓಡಿದೆ. ಇಂದು ಬಿಡಿಸಿಕೊಂಡು ನಾಳೆಯೇ ಫೋರ್ಟಿಗೆ ಕಳಿಸುತ್ತೇನೆ, ಇದೊಂದು ದಿನ ಕಾಪಾಡು ಎಂಬುದೊಂದೇ ಬಾಯಲ್ಲಿತ್ತು.

ಲಾಂಚು ದಡದಿಂದ ಹತ್ತು ಮಾರು ದೂರದಲ್ಲಿ, ಒಂದು ಹಡಗಿನ ಹಿಂಬದಿಗೆ ನಿಂತಿತ್ತು. ಮಶೀನಿನ ಹತ್ತಿರ ಸಾಬರ ತಮ್ಮ. ಅಂಚಿನಲ್ಲಿ ಹಗ್ಗ ಹಿಡಿದ ಕಾಸೀಮಸಾಬರು. ಇವರು ಕಾಣಲಿಲ್ಲ.

"ಸಾಬರ, ಅವರನ್ನ ಮ್ಯಾಲ ಕರೀರಿ" ಎಂದು ಕೂಗಿದೆ. ಅವರು ತಿರುಗಲಿಲ್ಲ. ಮತ್ತೆ ಕೂಗಿದೆ. ಮೀನು ಮಾರುವ ಹೆಂಗಸರೆಲ್ಲ ನನ್ನತ್ತ ನೋಡಿದರು, ಸಾಬರ ಕುತ್ತಿಗೆ ಮಾತ್ರ ಅಲುಗಲಿಲ್ಲ. ಅವರ ತಮ್ಮ ಬಾಯಿಗೆ ಬೆರಳಿಟ್ಟು ಸುಮ್ಮನಿರು ಎಂದ. ನನಗೆ ಮೈಯೆಲ್ಲ ಉರಿಯಿತು. "ನನ್ನ ಗಂಡ ಕೆಳಗ ಅದಾರ, ನಿಮಗ ಕಿವಿ ಇಲ್ಲೇನು?" ಎಂದು ಒದರಿ ಅಲ್ಲೇ ಮೀನಿನ ನೀರಿನಲ್ಲಿ ಕುಸಿದೆ. ದೊಡ್ಡ ಮಾತೇನೂ ಹೊಳೆಯಲಿಲ್ಲ. "ಮಾರುತೀ, ತಪ್ಪು ನಂದು. ನನ್ನ ತಪ್ಪಿಗೆ ಅವರನ್ನ ಹಿಡೀಬ್ಯಾಡ" ಎಂದಷ್ಟೇ ಬೇಡಿಕೊಂಡೆ.

ಕಾಸೀಮಸಾಬರ ಒಂದು ಪದ್ಧತಿಯಿದೆ, ಇವರೇ ಹಿಂದೆ ನನಗೆ ಹೇಳಿದ್ದರು. ಸ್ವಲ್ಪ ಸ್ವಲ್ಪ ಹೊತ್ತಿಗೆ ಅವರು ಹಗ್ಗವನ್ನು ಒಂದು ಸಲ ಜಗ್ಗಿ ಕೇಳುತ್ತಾರೆ. ಕೆಳಗಿದ್ದವರು ಒಂದು ಸಲ ಜಗ್ಗಿ ಉತ್ತರ ಕೊಡಬೇಕು. ಉತ್ತರ ಬರದಿದ್ದರೆ ಎರಡನೆಯ ಸಲ ಕೇಳುವುದಿಲ್ಲ.

ನಾನು ನೋಡುತ್ತಿದ್ದ ಹಾಗೆ ಅವರು ಒಂದು ಸಲ ಜಗ್ಗಿದರು. ತಲೆ ಓರೆ ಮಾಡಿ ಕಾದರು. ಮರುಗಳಿಗೆ ಎದ್ದು ನಿಂತು "ಎಳಿ" ಎಂದರು. ತಮ್ಮ ಬಂದು ಕೈಹಾಕಿದ. ಹಗ್ಗ ಸರಸರ ಮೇಲೆ ಬಂತು, ಅದರ ತುದಿಗೆ ಇವರು ಬಂದರು. ಗಾಳಿಯ ನಳಿಗೆ ಸಿಕ್ಕಿಸಿದ ಮುಖವಾಡ ಕಿತ್ತುಹೋಗಿತ್ತು, ಹಣೆ ಒಡೆದಿತ್ತು, ತುಟಿ ನೇರಳೆ ಬಣ್ಣಕ್ಕೆ ತಿರುಗಿತ್ತು. ಪಂಖಕ್ಕೆ ಬಿಗಿದಿದ್ದ ಹಗ್ಗ ಕೊಯ್ಯುತ್ತಲೇ ಸಿಡಿದು ಹಣೆಗೆ ಬಡಿದು, ಎಚ್ಚರ ತಪ್ಪಿತ್ತಂತೆ. ಸಾಬರು ಅಂಗಾತ ಮಲಗಿಸಿ ಎದೆ ಒತ್ತಿದರು. ಬಾಯಿಂದ ನೀರು ಹೊರಬಂದು, ಒಂದು ಕೆಮ್ಮು ಕೇಳಿಸಿತು. ಆ ಕೆಮ್ಮಿನಷ್ಟು ಸವಿಯಾದ ಶಬ್ದವನ್ನು ನಾನು ಇದುವರೆಗೆ ಕೇಳಿಲ್ಲ.

ಟ್ಯಾಕ್ಸಿಯಲ್ಲಿ ಸರಕಾರಿ ದವಾಖಾನೆಗೆ ಒಯ್ದರು. ಇನ್ನೆರಡು ನಿಮಿಷ ತಡವಾಗಿದ್ದರೆ ತಮ್ಮ ಕೈಯಲ್ಲಿ ಏನೂ ಇರುತ್ತಿರಲಿಲ್ಲ ಎಂದರು ಡಾಕ್ಟರು. ಮರುದಿನ ಬೆಳಗಿನ ಚಹಾದ ಹೊತ್ತಿಗೆ ಇವರು ಕಣ್ಣು ತೆರೆದು ನನ್ನ ಗುರುತು ಹಿಡಿದರು.

ವರಾಂಡದ ಬಾಕಿನ ಮೇಲೆ ಕಾಸೀಮಸಾಬರು ಕೂತಿದ್ದರು. ಧಕ್ಕಾದಲ್ಲಿ ಒದರಿದ್ದಕ್ಕೆ ತಪ್ಪಾಯಿತು ಎಂದೆ.

"ನೀ ಕೂಗಿದ್ದು ಕೇಳಿತ್ತವ್ವಾ" ಎಂದರು. "ಖರೆ, ಕೆಳಗ ಮನಷ್ಯಾ ಇದ್ದಾಗ ನನ್ನ ಕಿವಿ ಕೈಯಾಗ ಇರತಾವ. ತಿರುಗಿ ನಿನಗ ಜವಾಬ ಕೊಡ್ಕೋತ ಕುಂತಿದ್ರ, ಅವ ಜವಾಬ ಕೊಡಲಿಲ್ಲ ಅನ್ನೋದು ನನಗ ತಿಳೀತಿರಲಿಲ್ಲ."

ಆಗ ಇವರು ಹಿಂದೆ ಹೇಳಿದ್ದೊಂದು ನೆನಪಾಯಿತು. ದೊಡ್ಡ ಕಂಪನಿಯವರು ಸಿಲಿಂಡರು ಕಟ್ಟಿಕೊಂಡು ಹಗ್ಗವಿಲ್ಲದೆ ಇಳಿಯುತ್ತಾರೆ. ಅದು ಅವರ ಪದ್ಧತಿ, ತಪ್ಪು ಎನ್ನುವುದಿಲ್ಲ. ಆದರೆ ಹಾಗೆ ಇಳಿದು ಎಚ್ಚರ ತಪ್ಪಿದ್ದರೆ ಇವರನ್ನು ಯಾರು ಎಳೆಯುತ್ತಿದ್ದರು? ಒಳಗೆ ಹೋಗಿ, ಹೂವಿನ ಎಡಬಲದ ಕಥೆಯನ್ನೆಲ್ಲ ಅಳುತ್ತ ಇವರಿಗೆ ಹೇಳಿದೆ. ಹಾಸಿಗೆಯ ಆ ಬದಿಗೆ ಅತ್ತೆ ಇದ್ದರು.

ಇವರು ಪಟ್ಟಿ ಕಟ್ಟಿದ ಹಣೆಯಲ್ಲೇ ನಕ್ಕರು. "ಮಾರುತಿ ಎಷ್ಟು ವರ್ಷದಿಂದ ನೋಡ್ಯಾನ ನಿನ್ನ? ಈಕಿ ತನ್ನ ಎಡಾನ ಎಡ ಅಂತಾಳಂತ ಅವನಿಗೆ ಗೊತ್ತಿರಲಿಲ್ಲೇನು? ನಿನಗ ತಿಳಿಯೋ ಹಂಗ ಹೇಳ್ಯಾನ, ಬಿಡು."

ಅತ್ತೆ ಕಣ್ಣೊರೆಸಿಕೊಂಡು, ನನ್ನ ಬರಿಗಾಲು ನೋಡಿ, ತಮ್ಮ ಚಪ್ಪಲಿ ಬಿಚ್ಚಿ ನನ್ನ ಕಡೆ ಸರಿಸಿದರು.

ಇವರು ಮನೆಗೆ ಬಂದ ಶನಿವಾರ ಅತ್ತೆ ನನ್ನನ್ನು ಮಾರುತಿಯ ಮುಂದೆ ನಿಲ್ಲಿಸಿ ಎರಡೂ ಭುಜಕ್ಕೆ ಹೂವು ಏರಿಸಿದರು. ಏನು ಕೇಳಬೇಕು ಎಂದೆ. "ಏನೂ ಕೇಳಬ್ಯಾಡ. ಕೊಟ್ಟಾನ" ಎಂದರು.

ಆರು ವರ್ಷವಾಯಿತು. ಇವರು ಇಂದಿಗೂ ಕಾಸೀಮಸಾಬರ ಹತ್ತಿರವೇ ಇದ್ದಾರೆ. ಆ ಶನಿವಾರದ ಹೂವನ್ನು ಸಾಬರಿಗೆ ಕಳಿಸಿದ್ದೆ. ಕೈ ಖಾಲಿ ಇರಬೇಕು ಎಂದು ಅದನ್ನು ಹಗ್ಗದ ಗೂಟಕ್ಕೆ ಕಟ್ಟಿದರಂತೆ. ಈಗ ಪ್ರತಿ ವಾರ ಕಳಿಸುತ್ತೇನೆ. ನನ್ನ ಅಂಜಿಕೆ ಹೋಗಿದೆ ಎಂದರೆ ಸುಳ್ಳಾಗುತ್ತದೆ. ಇವರು ನೀರಿಗಿಳಿಯುವ ಹೊತ್ತಿಗೆ ಇಂದಿಗೂ ಒಲೆಯ ಮುಂದೆ ಕೈ ನಿಲ್ಲುತ್ತದೆ. ಆಗ ಧಕ್ಕಾದಲ್ಲಿ ಕೂತು ಬೇಡಿಕೊಂಡ ಆ ಗಳಿಗೆ ನೆನೆಯುತ್ತೇನೆ. ನಾನು ಕೂಗಿದಾಗ ಮಾರುತಿಯೂ ತಿರುಗಿ ನೋಡಲಿಲ್ಲ ಎಂದುಕೊಂಡಿದ್ದೆ. ಅವನ ಕೈಯಲ್ಲೂ ಹಗ್ಗವಿತ್ತು.